ನಡಿಗೆ ತಪ್ಪಿದಾಗ ಮಾತ್ರೆಯ ಪಟ್ಟಿಯನ್ನೂ ನೋಡಿ

ಸಕ್ಕರೆ ಕಾಯಿಲೆ ಹತ್ತು ಹದಿನೈದು ವರ್ಷ ಹಳೆಯದಾಗಿರುವ ಮನೆಗಳಿಗೆ ಪ್ರಿಗ್ಯಾಬಲಿನ್ ಎಂಬ ಹೆಸರು ಹೊಸದಲ್ಲ. ಹೆಸರು ನಾಲಿಗೆಗೆ ಬಾರದವರೂ 'ನರದ ಮಾತ್ರೆ' ಎಂದರೆ ಡಬ್ಬಿಯಿಂದ ಅದನ್ನೇ ಎತ್ತಿ ತೋರಿಸುತ್ತಾರೆ. ರಾತ್ರಿ ಮಲಗಿದ ಮೇಲೆ ಅಂಗಾಲು ಧಗಧಗ ಉರಿಯುವವರಿಗೆ, ಸರ್ಪಸುತ್ತಿನ ಗುಳ್ಳೆ ಒಣಗಿ ತಿಂಗಳುಗಳಾದರೂ ಪಕ್ಕೆಯ ಚುಚ್ಚುನೋವು ಬಿಡದವರಿಗೆ, ಸೊಂಟದಿಂದ ಕಾಲಿಗೆ ಸೆಳೆತ ಇಳಿಯುವವರಿಗೆ ವೈದ್ಯರು ಇದನ್ನು ಬರೆಯುತ್ತಾರೆ. ಇದೇ ಗುಂಪಿನ ಹಳೆಯ ಔಷಧ ಗ್ಯಾಬಪೆಂಟಿನ್. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಇವೆರಡೂ ಒಂಟಿಯಾಗಿ ಸಿಗುವುದಕ್ಕಿಂತ ಹೆಚ್ಚಾಗಿ ಮೀಥೈಲ್‌ಕೊಬಾಲಮಿನ್ ಎಂಬ ಬಿ12 ವಿಟಮಿನ್ ಜೊತೆ ಒಂದೇ ಗುಳಿಗೆಯಲ್ಲಿ ಸೇರಿಕೊಂಡು ಬರುತ್ತವೆ. ಹಾಗಾಗಿ ಎಷ್ಟೋ ಜನ ತಾವು ನುಂಗುತ್ತಿರುವುದು ಬರೀ ವಿಟಮಿನ್ ಎಂದೇ ತಿಳಿದಿರುತ್ತಾರೆ.

ಈ ಮಾತ್ರೆಗಳಿಂದ ಕೆಲವರಿಗೆ ನಡಿಗೆ ತಪ್ಪುತ್ತದೆ. ಕಾಲಿಗೆ ಶಕ್ತಿ ಇದೆ, ನೋವೂ ಕಡಿಮೆಯಾಗಿದೆ. ಆದರೂ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯಬೇಕಾಗುತ್ತದೆ. ಲೋಟ ಕೈಯಿಂದ ಜಾರುತ್ತದೆ. ಅಂಗಿಯ ಗುಂಡಿ ಹಾಕಲು ಬೆರಳು ತಡಕಾಡುತ್ತದೆ. ಮನೆಯವರು ಇದನ್ನು ನೋಡಿ ಹೇಳುವುದು ಸಾಮಾನ್ಯವಾಗಿ ಒಂದೇ ಮಾತು: "ವಯಸ್ಸಾಯ್ತಲ್ಲ." ಆ ಮಾತು ಬಾಯಿಗೆ ಬರುವ ಮೊದಲು ಮಾತ್ರೆಯ ಪಟ್ಟಿಯನ್ನೂ ಕಿಡ್ನಿಯ ವರದಿಯನ್ನೂ ಒಮ್ಮೆ ಒಟ್ಟಿಗೆ ಇಟ್ಟು ನೋಡಬೇಕು. ವಯಸ್ಸು ಹಿಂದಕ್ಕೆ ಬರುವುದಿಲ್ಲ. ಮಾತ್ರೆಯಿಂದ ತಪ್ಪಿದ ನಡಿಗೆ ಬಹುಪಾಲು ಹಿಂದಕ್ಕೆ ಬರುತ್ತದೆ.

ಈ ಔಷಧಗಳು ಹುಟ್ಟಿದ್ದು ನೋವಿಗಾಗಿ ಅಲ್ಲ, ಮೂರ್ಛೆರೋಗಕ್ಕಾಗಿ. ಮೆದುಳಿನಲ್ಲಿ ಉದ್ರೇಕವನ್ನು ತಣಿಸುವ 'ಗಾಬಾ' ಎಂಬ ರಾಸಾಯನಿಕವಿದೆ. ಅದರ ರಚನೆಯನ್ನು ಹೋಲುವಂತೆ ಗ್ಯಾಬಪೆಂಟಿನ್ ಅನ್ನು ರೂಪಿಸಿದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1993ರಲ್ಲಿ ಅದನ್ನು ಮೂರ್ಛೆರೋಗಕ್ಕೆ ಒಪ್ಪಿತು. ಸರ್ಪಸುತ್ತಿನ ನಂತರದ ನೋವಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಪ್ರಿಗ್ಯಾಬಲಿನ್ ಅನ್ನು ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸಿಲ್ವರ್‌ಮನ್ ಅವರ ಪ್ರಯೋಗಾಲಯ 1980ರ ದಶಕದ ಕೊನೆಯಲ್ಲಿ ತಯಾರಿಸಿತು. ಸಕ್ಕರೆ ಕಾಯಿಲೆಯ ನರದ ನೋವಿಗೆ ಅದನ್ನು ಎಫ್‌ಡಿಎ ಒಪ್ಪಿದ್ದು 2004ರ ಡಿಸೆಂಬರ್ ಕೊನೆಯಲ್ಲಿ. ಗಾಬಾವನ್ನು ಹೋಲುವಂತೆ ಮಾಡಿದ ಈ ಔಷಧಗಳು ಗಾಬಾ ಕೂರುವ ಜಾಗದಲ್ಲಿ ಕೂರುವುದೇ ಇಲ್ಲ ಎಂಬುದು ಆಮೇಲೆ ತಿಳಿಯಿತು. ಅವು ಹೋಗಿ ಅಂಟಿಕೊಳ್ಳುವುದು ಬೇರೆಯದೇ ಕಡೆ.

ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಬೇಕಾದರೆ ಅದರ ತುದಿಯೊಳಗೆ ಕ್ಯಾಲ್ಸಿಯಂ ನುಗ್ಗಬೇಕು. ಹಾಗೆ ನುಗ್ಗಲು ಕೋಶದ ಪೊರೆಯಲ್ಲಿ ದಾರಿಗಳಿವೆ. ಅವುಗಳನ್ನು ಕೆರೆಯ ತೂಬುಗಳೆಂದು ಭಾವಿಸಬಹುದು. ತೂಬು ತೆರೆದಷ್ಟೂ ಸಂದೇಶದ ಹರಿವು ಜೋರು. ಸಕ್ಕರೆಯಿಂದಲೋ ಸರ್ಪಸುತ್ತಿನಿಂದಲೋ ಹಾಳಾದ ನರ, ನೋವಿಗೆ ಕಾರಣವೇ ಇಲ್ಲದಾಗಲೂ ಬೆನ್ನುಹುರಿಗೆ ನೋವಿನ ಸಂದೇಶವನ್ನು ಸುರಿಯುತ್ತಿರುತ್ತದೆ. ಕ್ಯಾಲ್ಸಿಯಂ ದಾರಿಯಲ್ಲಿ ಆಲ್ಫಾ-2-ಡೆಲ್ಟಾ ಎಂಬ ಒಂದು ಭಾಗವಿದೆ. ಪ್ರಿಗ್ಯಾಬಲಿನ್ ಮತ್ತು ಗ್ಯಾಬಪೆಂಟಿನ್ ಅಲ್ಲಿಗೆ ಅಂಟಿಕೊಂಡು ತೂಬನ್ನು ಅರ್ಧ ಇಳಿಸುತ್ತವೆ. ಸಂದೇಶ ತಗ್ಗುತ್ತದೆ, ಉರಿ ಇಳಿಯುತ್ತದೆ.

ತೊಂದರೆ ಬರುವುದು ಈ ಭಾಗ ನೋವಿನ ನರಗಳಲ್ಲಿ ಮಾತ್ರ ಇಲ್ಲದಿರುವುದರಿಂದ. ಇದರಲ್ಲಿ ಹಲವು ಬಗೆಗಳಿವೆ. ಮೊದಲ ಬಗೆ ನೋವಿನ ಹಾದಿಯಲ್ಲಿ ಮುಖ್ಯ. ಎರಡನೆಯ ಬಗೆ ತಲೆಯ ಹಿಂಭಾಗದ ಕೆಳಗೆ ಕುಳಿತಿರುವ ಕಿರುಮೆದುಳಿನಲ್ಲಿ, ಅದರಲ್ಲೂ ಪರ್ಕಿಂಜೆ ಎಂಬ ದೊಡ್ಡ ಕೋಶಗಳಲ್ಲಿ ಹೇರಳವಾಗಿದೆ. ಈ ಔಷಧಗಳು ಎರಡಕ್ಕೂ ಅಂಟಿಕೊಳ್ಳುತ್ತವೆ. ಕಿರುಮೆದುಳಿನ ಕೆಲಸವೆಂದರೆ ಸ್ನಾಯುಗಳ ನಡುವೆ ಹೊಂದಾಣಿಕೆ: ಹೆಜ್ಜೆ ಎಷ್ಟು ದೂರ ಇಡಬೇಕು, ಕೈ ಎಲ್ಲಿ ನಿಲ್ಲಬೇಕು, ಒಂದು ಪದದಿಂದ ಇನ್ನೊಂದಕ್ಕೆ ನಾಲಿಗೆ ಹೇಗೆ ಹೊರಳಬೇಕು ಎಂಬುದನ್ನೆಲ್ಲ ಅದು ಕ್ಷಣ ಕ್ಷಣಕ್ಕೂ ತಿದ್ದುತ್ತಿರುತ್ತದೆ. ವಿಜ್ಞಾನಿಗಳ ಬಳಿ 'ಡಕ್ಕಿ' ಎಂದು ಕರೆಯುವ ಒಂದು ಇಲಿ ತಳಿಯಿದೆ. ಹುಟ್ಟಿನಿಂದಲೇ ಅದು ಓಲಾಡುತ್ತ ನಡೆಯುತ್ತದೆ, ಅದಕ್ಕೆ ಒಂದು ಬಗೆಯ ಮೂರ್ಛೆಯೂ ಬರುತ್ತದೆ. 2001ರಲ್ಲಿ ಅದರ ದೋಷವನ್ನು ಪತ್ತೆ ಹಚ್ಚಿದಾಗ ಸಿಕ್ಕಿದ್ದು ಇದೇ ಆಲ್ಫಾ-2-ಡೆಲ್ಟಾದ ಎರಡನೆಯ ಬಗೆಯ ಜೀನು. ಇಲಿಯಲ್ಲಿ ಕಂಡದ್ದನ್ನು ಮನುಷ್ಯನಿಗೆ ನೇರವಾಗಿ ಅನ್ವಯಿಸಲಾಗದು. ಆದರೂ ನೋವು ತಗ್ಗಿಸುವ ಔಷಧವೊಂದು ನಡಿಗೆಗೆ ಏಕೆ ಕೈಹಾಕುತ್ತದೆ ಎಂಬ ಪ್ರಶ್ನೆಗೆ ಇದು ಒಳ್ಳೆಯ ಸುಳಿವು.

ಹೀಗೆ ಹೊಂದಾಣಿಕೆ ತಪ್ಪುವುದನ್ನು ವೈದ್ಯರು ಅಟಾಕ್ಸಿಯಾ ಎನ್ನುತ್ತಾರೆ. ಕಾಲುಗಳನ್ನು ಅಗಲಿಸಿ ನಡೆಯುವುದು, ತಿರುಗುವಾಗ ಒಂದು ಪಕ್ಕಕ್ಕೆ ವಾಲುವುದು, ಕತ್ತಲಾದ ಮೇಲೆ ಹೊಸ್ತಿಲು ದಾಟಲು ಅಂಜುವುದು, ಮಾತು ತೊದಲುವುದು ಇದರ ಚಹರೆ. ಆಸ್ಪತ್ರೆಯಲ್ಲಿ ಇದನ್ನು ಗುರುತಿಸಲು ಯಂತ್ರವೇನೂ ಬೇಡ. ತೋರುಬೆರಳಿನಿಂದ ಮೂಗಿನ ತುದಿಯನ್ನೂ ವೈದ್ಯರ ಬೆರಳನ್ನೂ ಸರದಿಯಲ್ಲಿ ಮುಟ್ಟಲು ಹೇಳುತ್ತಾರೆ. ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗುವಂತೆ ನೇರ ಗೆರೆಯಲ್ಲಿ ನಡೆಯಲು ಹೇಳುತ್ತಾರೆ. ಎರಡು ನಿಮಿಷ ಸಾಕು. ಹೊರರೋಗಿ ವಿಭಾಗದ ಗದ್ದಲದಲ್ಲಿ ಆ ಎರಡು ನಿಮಿಷ ಸಿಗುವುದು ಕಷ್ಟ ಎಂಬುದು ನಿಜ. ಅದಕ್ಕೇ ಮನೆಯವರ ಕಣ್ಣು ಇಲ್ಲಿ ಬಹಳ ಮುಖ್ಯ. ರೋಗಿ ವೈದ್ಯರ ಮುಂದೆ ಕುರ್ಚಿಯಲ್ಲಿ ಕೂತಿರುತ್ತಾರೆ; ಅವರು ನಡೆಯುವುದನ್ನು ದಿನವೂ ನೋಡುವವರು ಮನೆಯವರು.

ಅಟಾಕ್ಸಿಯಾಕ್ಕಿಂತ ಅಪರೂಪವಾದ, ಆದರೆ ಹೆಚ್ಚು ಗಾಬರಿ ಹುಟ್ಟಿಸುವ ಇನ್ನೊಂದು ಬಗೆಯಿದೆ. ಕೈಯೋ ಕಾಲೋ ಇದ್ದಕ್ಕಿದ್ದಂತೆ ಝಟ್ಟನೆ ಎಗರುತ್ತದೆ. ಇದು ಮಯೋಕ್ಲೋನಸ್. ಇದಕ್ಕೆ ತದ್ವಿರುದ್ಧವಾದದ್ದೂ ಉಂಟು: ಹಿಡಿದು ನಿಂತ ಸ್ನಾಯು ಕ್ಷಣಮಾತ್ರ ತನ್ನ ಬಿಗಿಯನ್ನು ಪೂರ್ತಿ ಬಿಟ್ಟುಬಿಡುತ್ತದೆ. ಎರಡೂ ಕೈಗಳನ್ನು ಮುಂದೆ ಚಾಚಿ ಅಂಗೈಯನ್ನು ಮೇಲಕ್ಕೆತ್ತಿ ಹಿಡಿಯಿರಿ ಎಂದರೆ ಮಣಿಕಟ್ಟು ಪಟಪಟ ಕುಸಿದು ಮೇಲೇಳುತ್ತದೆ. ಯಕೃತ್ತು ಕೆಟ್ಟವರಲ್ಲಿ ಈ ಬಡಿತವನ್ನು ಅಮೆರಿಕದ ರೇಮಂಡ್ ಆಡಮ್ಸ್ ಮತ್ತು ಜೋಸೆಫ್ ಫೋಲಿ 1949ರಲ್ಲೇ ವರ್ಣಿಸಿದ್ದರು. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಸೇವಿಸುವವರಲ್ಲೂ, ಹೆಚ್ಚಾಗಿ ಕಿಡ್ನಿ ದುರ್ಬಲವಾದವರಲ್ಲಿ, ಇದು ಕಾಣಿಸಿಕೊಂಡ ವರದಿಗಳು ಹಲವು ದೇಶಗಳ ವೈದ್ಯಕೀಯ ಪತ್ರಿಕೆಗಳಲ್ಲಿವೆ. ಇದೇ ಬಿಗಿ ತಪ್ಪುವಿಕೆ ತೊಡೆಯ ಸ್ನಾಯುವಿಗೆ ಬಂದರೆ ನಿಂತವರು ನಿಂತಲ್ಲೇ ಮಂಡಿ ಕುಸಿದು ಬೀಳುತ್ತಾರೆ. "ಯಾರೋ ಹಿಂದಿನಿಂದ ಮಂಡಿಗೆ ಹೊಡೆದ ಹಾಗಾಯ್ತು" ಎಂದು ರೋಗಿ ಹೇಳಿದರೆ ಅದನ್ನು ತಲೆಸುತ್ತು ಎಂದು ಬರೆದುಕೊಂಡು ಮುಂದೆ ಹೋಗಬಾರದು.

ಇನ್ನು 'ಅಪರೂಪ' ಎನ್ನುವುದರ ಲೆಕ್ಕ. ಯುರೋಪಿನ ಔಷಧ ಮಾಹಿತಿ ಪತ್ರದಲ್ಲಿ ಅಡ್ಡ ಪರಿಣಾಮಗಳನ್ನು ಅಳತೆಯ ಪ್ರಕಾರ ವಿಂಗಡಿಸುತ್ತಾರೆ. 100 ಜನರಲ್ಲಿ 1ರಿಂದ 10 ಮಂದಿಗೆ ಬಂದರೆ ಅದು ಸಾಮಾನ್ಯ. 1,000ದಲ್ಲಿ 1ರಿಂದ 10 ಮಂದಿಗೆ ಬಂದರೆ ಅಸಾಮಾನ್ಯ. 10,000ದಲ್ಲಿ 1ರಿಂದ 10 ಮಂದಿಗೆ ಬಂದರೆ ಅಪರೂಪ. ಪ್ರಿಗ್ಯಾಬಲಿನ್‌ನ ಪತ್ರದಲ್ಲಿ ಅಟಾಕ್ಸಿಯಾ, ನಡುಕ, ಮಾತಿನ ತೊದಲು ಸಾಮಾನ್ಯದ ಸಾಲಿನಲ್ಲಿವೆ. ಮಯೋಕ್ಲೋನಸ್ ಅಸಾಮಾನ್ಯದ ಸಾಲಿನಲ್ಲಿದೆ. ಚಲನೆಯೇ ನಿಧಾನವಾಗುವುದು, ಬರವಣಿಗೆ ಕೆಡುವುದು, ಪಾರ್ಕಿನ್ಸನ್ ಕಾಯಿಲೆಯಂಥ ಲಕ್ಷಣಗಳು ಅಪರೂಪದ ಸಾಲಿನಲ್ಲಿವೆ. ಸಹಿ ಹಾಕುವಾಗ ಅಕ್ಷರ ಮೊದಲಿನಂತೆ ಬರುತ್ತಿಲ್ಲ ಎಂದು ಪಿಂಚಣಿಗಾಗಿ ಬ್ಯಾಂಕಿಗೆ ಹೋಗಿ ಮುಜುಗರಪಡುವ ಹಿರಿಯರಲ್ಲಿ ಕೆಲವರಿಗಾದರೂ ಕಾರಣ ಡಬ್ಬಿಯೊಳಗೇ ಇರಬಹುದು.

ಅಮೆರಿಕದ ಮಾಹಿತಿ ಪತ್ರದ ಒಂದು ಅಂಕಿಯನ್ನೂ ಹೇಳಬೇಕು. ಪ್ರಿಗ್ಯಾಬಲಿನ್‌ನ ಪ್ರಯೋಗಗಳಲ್ಲಿ ಔಷಧ ಪಡೆದವರಲ್ಲಿ ಶೇ. 30 ಮಂದಿಗೆ ತಲೆಸುತ್ತು ಬಂದಿತ್ತು. ಔಷಧವಿಲ್ಲದ ಹುಸಿಗುಳಿಗೆ ಪಡೆದವರಲ್ಲಿ ಶೇ. 8 ಮಂದಿಗೆ. ಮಂಪರು ಶೇ. 23 ಮತ್ತು ಶೇ. 8. ತಲೆಸುತ್ತು ಎಂದು ರೋಗಿಗಳು ಹೇಳುವುದರಲ್ಲಿ ಎಷ್ಟು ಪಾಲು ನಿಜಕ್ಕೂ ತಲೆ ತಿರುಗುವುದು, ಎಷ್ಟು ಪಾಲು ಕಾಲು ತೂರಾಡುವುದು ಎಂಬುದು ಕೇಳಿ ಬಿಡಿಸದೆ ತಿಳಿಯುವುದಿಲ್ಲ. "ತಲೆ ಗಿರ್ರೆನ್ನುತ್ತದೆಯೇ, ಇಲ್ಲ ಕಾಲು ನಿಲ್ಲುವುದಿಲ್ಲವೇ?" ಎಂಬ ಒಂದು ಪ್ರಶ್ನೆ ಬಹಳ ದೂರ ಕರೆದೊಯ್ಯುತ್ತದೆ.

ಇಂಥ ಪ್ರಯೋಗಗಳಿಗೆ ಕಿಡ್ನಿ ತೀರಾ ಕೆಟ್ಟವರನ್ನೂ ಹತ್ತಾರು ಕಾಯಿಲೆ ಇರುವವರನ್ನೂ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಮಾತ್ರೆ ನುಂಗುವುದು ಮಾತ್ರ ಅವರೇ. ಆದ್ದರಿಂದ ಎಲ್ಲರನ್ನೂ ಸೇರಿಸಿ ತೆಗೆದ ಅಂಕಿಯಲ್ಲಿ ಅಪರೂಪವೆನಿಸಿದ್ದು ಒಂದು ಗುಂಪಿನವರಿಗೆ ಅಪರೂಪವಾಗಿ ಉಳಿಯುವುದಿಲ್ಲ. ಆ ಗುಂಪು ಯಾವುದು ಎಂಬುದಕ್ಕೆ ಉತ್ತರ ಕಿಡ್ನಿಯಲ್ಲಿದೆ.

ನಾವು ನುಂಗುವ ಬಹಳಷ್ಟು ಔಷಧಗಳನ್ನು ಯಕೃತ್ತು ಒಡೆದು ಹಾಕುತ್ತದೆ. ಈ ಎರಡನ್ನು ಅದು ಮುಟ್ಟುವುದಿಲ್ಲವೆಂದೇ ಹೇಳಬಹುದು. ಪ್ರಿಗ್ಯಾಬಲಿನ್‌ನ ಸುಮಾರು ಶೇ. 90 ಭಾಗ ಹೋದ ರೂಪದಲ್ಲೇ ಮೂತ್ರದಲ್ಲಿ ಹೊರಬರುತ್ತದೆ. ಕಿಡ್ನಿ ಚೆನ್ನಾಗಿದ್ದರೆ ರಕ್ತದಲ್ಲಿರುವ ಪ್ರಿಗ್ಯಾಬಲಿನ್ ಅರ್ಧಕ್ಕೆ ಇಳಿಯಲು ಆರು ಗಂಟೆ ಸಾಕು. ಗ್ಯಾಬಪೆಂಟಿನ್‌ಗೂ ಹೆಚ್ಚುಕಡಿಮೆ ಅಷ್ಟೇ. ಕಿಡ್ನಿ ಸೋಸುವ ಪ್ರಮಾಣ ನಿಮಿಷಕ್ಕೆ 30 ಮಿಲಿಲೀಟರ್‌ಗಿಂತ ಕೆಳಗಿಳಿದವರಲ್ಲಿ ಗ್ಯಾಬಪೆಂಟಿನ್ ಅರ್ಧಕ್ಕಿಳಿಯಲು ಹಿಡಿಯುವ ಸಮಯ ಸರಾಸರಿ 52 ಗಂಟೆ. ಮೂತ್ರವೇ ಬಾರದ ಸ್ಥಿತಿಯಲ್ಲಿ, ಡಯಾಲಿಸಿಸ್ ಇಲ್ಲದ ದಿನಗಳಲ್ಲಿ, 132 ಗಂಟೆ. ಅಂದರೆ ಐದೂವರೆ ದಿನ. ಅಂಥವರು ದಿನಕ್ಕೆ ಮೂರು ಹೊತ್ತು ಗುಳಿಗೆ ನುಂಗಿದರೆ ಸೋಮವಾರದ್ದು ಶನಿವಾರವೂ ಅರ್ಧ ಉಳಿದಿರುತ್ತದೆ, ಅದರ ಮೇಲೆ ಮಂಗಳವಾರದ್ದು, ಬುಧವಾರದ್ದು ಕೂತಿರುತ್ತದೆ. ಡಯಾಲಿಸಿಸ್ ನಡೆಯುವಾಗ ಅದೇ 132 ಗಂಟೆ 3.8 ಗಂಟೆಗೆ ಇಳಿಯುತ್ತದೆ. ಕೈ ಬಡಿಯುತ್ತ, ತೊದಲುತ್ತ, ಅರೆಮಂಪರಿನಲ್ಲಿ ಆಸ್ಪತ್ರೆಗೆ ಬಂದ ಕಿಡ್ನಿ ರೋಗಿಗಳು ಔಷಧ ನಿಲ್ಲಿಸಿ ಡಯಾಲಿಸಿಸ್ ಮಾಡಿದ ಮೇಲೆ ಚೇತರಿಸಿಕೊಂಡ ವರದಿಗಳ ಹಿಂದಿರುವ ಗಣಿತ ಇದು.

ಡಯಾಲಿಸಿಸ್ ರೋಗಿಗಳ ವಿಷಯದಲ್ಲಿ ವೈದ್ಯರು ಎಚ್ಚರದಿಂದಲೇ ಇರುತ್ತಾರೆ. ನನಗೆ ಹೆಚ್ಚು ಆತಂಕವಿರುವುದು ವರದಿಯಲ್ಲಿ ಕಿಡ್ನಿ 'ನಾರ್ಮಲ್' ಎಂದು ಬಂದ ವೃದ್ಧರ ಬಗ್ಗೆ.

ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.1 ಬಂದಿದೆ ಎಂದುಕೊಳ್ಳಿ. ಬಹಳಷ್ಟು ಲ್ಯಾಬ್‌ಗಳ ವರದಿಯಲ್ಲಿ ಅದಕ್ಕೆ ಯಾವ ಎಚ್ಚರಿಕೆಯ ಗುರುತೂ ಬೀಳುವುದಿಲ್ಲ. ಆದರೆ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಲ್ಲಿ. ಸ್ನಾಯು ಕರಗಿದ ಮೈಯಲ್ಲಿ ಅದು ಹುಟ್ಟುವುದೇ ಕಡಿಮೆ, ಹಾಗಾಗಿ ಕಿಡ್ನಿ ಸೋತಿದ್ದರೂ ಅಂಕಿ ಏರುವುದಿಲ್ಲ. ಡೊನಾಲ್ಡ್ ಕಾಕ್‌ಕ್ರಾಫ್ಟ್ ಮತ್ತು ಹೆನ್ರಿ ಗಾಲ್ಟ್ 1976ರಲ್ಲಿ ಪ್ರಕಟಿಸಿದ ಒಂದು ಸರಳ ಸೂತ್ರವನ್ನು ಔಷಧದ ಪ್ರಮಾಣ ನಿರ್ಧರಿಸಲು ಇಂದಿಗೂ ಬಳಸುತ್ತಾರೆ: 140ರಿಂದ ವಯಸ್ಸನ್ನು ಕಳೆದು, ತೂಕದಿಂದ ಗುಣಿಸಿ, ಬಂದದ್ದನ್ನು ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಬೇಕು, ಹೆಂಗಸರಾದರೆ ಕೊನೆಗೆ 0.85ರಿಂದ ಗುಣಿಸಬೇಕು. 30 ವರ್ಷದ, 70 ಕೆ.ಜಿ. ತೂಗುವ ಯುವಕನ ಕ್ರಿಯಾಟಿನಿನ್ 1.1 ಇದ್ದರೆ ಕಿಡ್ನಿ ನಿಮಿಷಕ್ಕೆ ಸುಮಾರು 97 ಮಿಲಿಲೀಟರ್ ಸೋಸುತ್ತಿದೆ ಎಂದರ್ಥ. ಅದೇ 1.1 ಕ್ರಿಯಾಟಿನಿನ್ ಇರುವ 70 ವರ್ಷದ, 45 ಕೆ.ಜಿ. ತೂಗುವ ಅಜ್ಜಿಗೆ ಲೆಕ್ಕ ಹಾಕಿ ನೋಡಿ. 34 ಬರುತ್ತದೆ. ವರದಿಯ ಅಂಕಿ ಒಂದೇ, ಕಿಡ್ನಿಯ ಕೆಲಸ ಮೂರನೇ ಒಂದು ಭಾಗ.

ಪ್ರಿಗ್ಯಾಬಲಿನ್‌ನ ಮಾಹಿತಿ ಪತ್ರದ ಪ್ರಕಾರ ಈ ಪ್ರಮಾಣ 60ಕ್ಕಿಂತ ಮೇಲಿದ್ದರೆ ದಿನಕ್ಕೆ ಗರಿಷ್ಠ 600 ಮಿಲಿಗ್ರಾಂ, 30ರಿಂದ 60ರ ನಡುವೆ ಇದ್ದರೆ 300, 15ರಿಂದ 30ರ ನಡುವೆ 150, 15ಕ್ಕಿಂತ ಕೆಳಗಿದ್ದರೆ 75. ಆ ಯುವಕನಿಗೆ ಮಧ್ಯಮವೆನಿಸುವ 300 ಮಿಲಿಗ್ರಾಂ ಈ ಅಜ್ಜಿಗೆ ಗರಿಷ್ಠದ ಅಂಚು. ಲ್ಯಾಬ್‌ನವರು ಈಗ ವರದಿಯಲ್ಲೇ ಇಜಿಎಫ್‌ಆರ್ ಎಂಬ ಲೆಕ್ಕವನ್ನು ಮುದ್ರಿಸಿ ಕೊಡುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಆ ಲೆಕ್ಕದಲ್ಲಿ ರೋಗಿಯ ತೂಕ ಬರುವುದಿಲ್ಲ. ಸಣ್ಣ ಮೈಕಟ್ಟಿನ ವೃದ್ಧರಲ್ಲಿ ಅದು ಕಿಡ್ನಿಯನ್ನು ಇರುವುದಕ್ಕಿಂತ ಗಟ್ಟಿಯಾಗಿ ತೋರಿಸಬಹುದು. ನಮ್ಮ ಊರುಗಳಲ್ಲಿ 45 ಕೆ.ಜಿ. ತೂಗುವ ಅಜ್ಜಿಯರಿಗೆ ಕೊರತೆಯಿಲ್ಲ.

ಕಿಡ್ನಿಯ ಕೆಲಸ ಒಂದೇ ಮಟ್ಟದಲ್ಲಿ ನಿಂತಿರುವುದೂ ಇಲ್ಲ. ಎರಡು ವರ್ಷ ಅದೇ ಮಾತ್ರೆಯನ್ನು ಅದೇ ಪ್ರಮಾಣದಲ್ಲಿ ತೆಗೆದುಕೊಂಡು ಚೆನ್ನಾಗಿದ್ದವರು ಒಂದು ವಾರ ವಾಂತಿಭೇದಿಯಾಗಿ ಮೈಯ ನೀರು ಆರಿದಾಗ ಇದ್ದಕ್ಕಿದ್ದಂತೆ ತೂರಾಡಬಹುದು. ಮಂಡಿನೋವಿಗೆಂದು ಅಂಗಡಿಯಿಂದ ತಾವೇ ತಂದುಕೊಂಡ ಡೈಕ್ಲೊಫಿನಾಕ್ ಅಥವಾ ಐಬುಪ್ರೊಫೆನ್ ಕೂಡ ಕಿಡ್ನಿಗೆ ಹೋಗುವ ರಕ್ತವನ್ನು ತಗ್ಗಿಸಿ ಪ್ರಿಗ್ಯಾಬಲಿನ್ ಹೊರಹೋಗದಂತೆ ಮಾಡಬಹುದು. ಆಗ ಮನೆಯವರು "ಇದೇನು ಹೊಸ ಮಾತ್ರೆಯಲ್ಲವಲ್ಲ" ಎಂದು ಅದರ ಮೇಲೆ ಅನುಮಾನ ಪಡುವುದಿಲ್ಲ. ಮಾತ್ರೆ ಹಳೆಯದು, ಮೈಯೊಳಗಿನ ಪ್ರಮಾಣ ಹೊಸದು.

ಎಲ್ಲ ತೂರಾಟಕ್ಕೂ ಮಾತ್ರೆಯೇ ಕಾರಣ ಎಂದು ನಾನು ಹೇಳುತ್ತಿಲ್ಲ. ಸಕ್ಕರೆ ಕಾಯಿಲೆಯಿಂದ ನರ ಸತ್ತ ಪಾದಕ್ಕೆ ನೆಲದ ಅರಿವೇ ಇರುವುದಿಲ್ಲ. ಅಂಥವರು ಕಣ್ಣು ಮುಚ್ಚಿದರೆ ಓಲಾಡುತ್ತಾರೆ. ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ಸೇವಿಸಿದವರಲ್ಲಿ ಬಿ12 ಕಡಿಮೆಯಾಗಬಹುದು, ಅದರಿಂದಲೂ ನಡಿಗೆ ಕೆಡುತ್ತದೆ. ಥೈರಾಯ್ಡ್, ಮದ್ಯ, ಕಿವಿಯ ಸಮತೋಲನದ ತೊಂದರೆ, ಪಾರ್ಕಿನ್ಸನ್ ಕಾಯಿಲೆ ಎಲ್ಲವೂ ಪಟ್ಟಿಯಲ್ಲಿವೆ. ಕೆಲವೇ ನಿಮಿಷಗಳಲ್ಲಿ ಒಂದು ಪಕ್ಕದ ಕೈಕಾಲು ಸೋತರೆ, ಬಾಯಿ ಸೊಟ್ಟಗಾದರೆ, ಇದ್ದಕ್ಕಿದ್ದಂತೆ ನಿಲ್ಲಲಾಗದೆ ವಾಂತಿಯಾದರೆ ಅದು ಪಾರ್ಶ್ವವಾಯುವಿನ ಸೂಚನೆ. ಆಗ ಮಾತ್ರೆಯ ಪಟ್ಟಿ ಹುಡುಕುತ್ತ ಕೂರದೆ ನೇರವಾಗಿ ಆಸ್ಪತ್ರೆಗೆ ಓಡಬೇಕು. ಔಷಧದಿಂದ ಬಂದ ತೂರಾಟ ಸಾಮಾನ್ಯವಾಗಿ ಎರಡೂ ಪಕ್ಕದಲ್ಲಿರುತ್ತದೆ, ಮಾತ್ರೆ ಶುರುವಾದ ಅಥವಾ ಪ್ರಮಾಣ ಏರಿದ ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ, ಮಾತ್ರೆ ನುಂಗಿದ ಕೆಲವು ಗಂಟೆಗಳಲ್ಲಿ ಜೋರಾಗಿರುತ್ತದೆ.

ಔಷಧವೇ ಕಾರಣವೆಂದು ತೀರ್ಮಾನಿಸಲು ವೈದ್ಯರು ನೋಡುವುದು ಕೆಲವು ಸರಳ ಸಂಗತಿಗಳನ್ನು. ಲಕ್ಷಣ ಔಷಧದ ನಂತರ ಬಂತೇ? ನಿಲ್ಲಿಸಿದಾಗ ಹೋಯಿತೇ? ಬೇರೆ ಕಾರಣವೇನಾದರೂ ಇದೆಯೇ? ಮತ್ತೆ ಕೊಟ್ಟಾಗ ಮರಳಿತೇ? ಇಂಥ ಪ್ರಶ್ನೆಗಳಿಗೆ ಅಂಕ ಕೊಟ್ಟು ಕೂಡಿಸುವ ನರಂಜೋ ಮಾಪಕ 1981ರಿಂದ ಬಳಕೆಯಲ್ಲಿದೆ. ಇದಕ್ಕೆ ಬೇಕಾದ ಸಾಕ್ಷ್ಯದಲ್ಲಿ ಮುಕ್ಕಾಲು ಪಾಲು ರೋಗಿಯ ಮನೆಯಲ್ಲೇ ಇರುತ್ತದೆ. ಯಾವ ತಾರೀಖಿಗೆ ಮಾತ್ರೆ ಶುರುವಾಯಿತು, ಮೊದಲ ಸಲ ಬಿದ್ದದ್ದು ಎಂದು ಎಂಬುದನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿಟ್ಟರೂ ವೈದ್ಯರಿಗೆ ಅದು ಸ್ಕ್ಯಾನಿನಷ್ಟೇ ಉಪಯುಕ್ತ.

ಹಾಗೆ ಗುರುತಿಸದೆ ಹೋದರೆ ಆಗುವುದೇನು? ಒಂದು ಮಾತ್ರೆಯ ಅಡ್ಡ ಪರಿಣಾಮ ಹೊಸ ಕಾಯಿಲೆಯಂತೆ ಕಾಣುತ್ತದೆ, ಅದಕ್ಕೆ ಇನ್ನೊಂದು ಮಾತ್ರೆ ಬರುತ್ತದೆ. ಪ್ರಿಗ್ಯಾಬಲಿನ್‌ನಿಂದ ತೂರಾಟ ಬಂದವರು "ಡಾಕ್ಟ್ರೇ, ತಲೆ ಸುತ್ತುತ್ತದೆ" ಎನ್ನುತ್ತಾರೆ. ತಲೆಸುತ್ತಿಗೆಂದು ಸಿನ್ನಾರಿಜಿನ್ ಅಥವಾ ಪ್ರೊಕ್ಲೋರ್‌ಪೆರಜಿನ್ ಬರುತ್ತದೆ. ಈ ಎರಡನ್ನೂ ತಿಂಗಳುಗಟ್ಟಲೆ ಮುಂದುವರಿಸಿದರೆ ವೃದ್ಧರಲ್ಲಿ ಪಾರ್ಕಿನ್ಸನ್‌ನಂಥ ಬಿಗಿತ, ನಡುಕ, ನಿಧಾನಗತಿ ಹುಟ್ಟಬಹುದು ಎಂಬುದು ನರರೋಗ ತಜ್ಞರಿಗೆಲ್ಲ ಗೊತ್ತಿರುವ ವಿಷಯ. ಆಗ ಪಾರ್ಕಿನ್ಸನ್‌ಗೆ ಮತ್ತೊಂದು ಮಾತ್ರೆ. ಇತ್ತ ಪ್ರಿಗ್ಯಾಬಲಿನ್‌ನಿಂದ ಕಾಲು ಊದಿಕೊಂಡರೆ ನೀರು ಇಳಿಸುವ ಮಾತ್ರೆ. ಅದರಿಂದ ಮೈಯ ನೀರು ಆರಿ ಕಿಡ್ನಿ ಇನ್ನಷ್ಟು ಸೊರಗಿ, ಮೊದಲ ಮಾತ್ರೆ ಇನ್ನಷ್ಟು ಉಳಿದುಕೊಳ್ಳುತ್ತದೆ. ಉರಿಪಾದಕ್ಕೆಂದು ಹೋದವರು ವರ್ಷದೊಳಗೆ ನಾಲ್ಕು ಕಾಯಿಲೆಯ ರೋಗಿಯಾಗಿರುತ್ತಾರೆ. ಇದರಲ್ಲಿ ಯಾವ ಒಬ್ಬ ವೈದ್ಯರ ದುರುದ್ದೇಶವೂ ಇಲ್ಲ. ಕಿವಿಗೆ ಒಬ್ಬರು, ಕಾಲಿಗೆ ಒಬ್ಬರು, ಸಕ್ಕರೆಗೆ ಒಬ್ಬರು ಎಂದು ಹಂಚಿಹೋದಾಗ ಎಲ್ಲ ಚೀಟಿಗಳನ್ನೂ ಒಟ್ಟಿಗೆ ನೋಡುವವರು ಯಾರೂ ಇಲ್ಲವಾಗುತ್ತಾರೆ.

ಜೊತೆಗೆ ಸೇರುವ ಔಷಧಗಳೂ ಲೆಕ್ಕಕ್ಕೆ ಬರುತ್ತವೆ. ಟ್ರಮಡಾಲ್‌ನಂಥ ಅಫೀಮು ವರ್ಗದ ನೋವಿನ ಮಾತ್ರೆ, ಆಲ್ಪ್ರಜೋಲಾಂ, ಕ್ಲೊನಾಜೆಪಾಂನಂಥ ನಿದ್ದೆಯ ಗುಳಿಗೆ, ಶೀತಕ್ಕೆ ಕುಡಿಯುವ ಮಂಪರಿನ ಸಿರಪ್, ಸಂಜೆಯ ಮದ್ಯ, ಇವು ಯಾವುದು ಸೇರಿದರೂ ತೂರಾಟ ಹೆಚ್ಚುತ್ತದೆ. ಎಫ್‌ಡಿಎ 2019ರ ಡಿಸೆಂಬರ್‌ನಲ್ಲಿ ಇನ್ನೂ ಗಂಭೀರವಾದ ಎಚ್ಚರಿಕೆ ಕೊಟ್ಟಿತು: ಅಫೀಮು ವರ್ಗದ ಔಷಧದ ಜೊತೆ ತೆಗೆದುಕೊಳ್ಳುವವರಲ್ಲಿ, ಶ್ವಾಸಕೋಶದ ಕಾಯಿಲೆ ಇರುವವರಲ್ಲಿ, ವೃದ್ಧರಲ್ಲಿ ಗ್ಯಾಬಪೆಂಟಿನ್ ಮತ್ತು ಪ್ರಿಗ್ಯಾಬಲಿನ್ ಉಸಿರಾಟವನ್ನೇ ಅಪಾಯಕರವಾಗಿ ಕುಗ್ಗಿಸಬಹುದು ಎಂದು. ಅದೇ ವರ್ಷದ ಏಪ್ರಿಲ್‌ನಿಂದ ಬ್ರಿಟನ್ ಇವೆರಡನ್ನೂ ನಿಯಂತ್ರಿತ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಇವು ವೈದ್ಯರ ಚೀಟಿ ಇದ್ದರಷ್ಟೇ ಕೊಡಬೇಕಾದ ಔಷಧಗಳು. ಹಳೆಯ ಚೀಟಿ ತೋರಿಸಿ, ಅಥವಾ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನಷ್ಟೇ ತೋರಿಸಿ "ಇದನ್ನೇ ಇನ್ನೊಂದು ತಿಂಗಳಿಗೆ ಕೊಡಿ" ಎಂದು ತರುವ ರೂಢಿಯಿಂದಲೇ ಮೂರು ತಿಂಗಳಿಗೆಂದು ಬರೆದದ್ದು ಮೂರು ವರ್ಷ ನಡೆಯುತ್ತದೆ.

ಈ ಔಷಧ ಬೇಕೇ ಬೇಕಾದವರಿದ್ದಾರೆ, ಅದನ್ನು ಮರೆಯಬಾರದು. ನರದ ಉರಿ ಎಂಥದೆಂದು ಅನುಭವಿಸಿದವರಿಗೇ ಗೊತ್ತು. ಪ್ಯಾರಾಸಿಟಮಾಲ್ ಅದಕ್ಕೆ ಸಾಮಾನ್ಯವಾಗಿ ತಾಗುವುದಿಲ್ಲ. ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಪರಿಶೀಲನೆಯ ಪ್ರಕಾರ, ಸರ್ಪಸುತ್ತಿನ ನಂತರದ ನೋವಿಗೆ ದಿನಕ್ಕೆ 300 ಮಿಲಿಗ್ರಾಂ ಪ್ರಿಗ್ಯಾಬಲಿನ್ ಪಡೆದ 100 ಜನರಲ್ಲಿ 32 ಮಂದಿಗೆ ನೋವು ಅರ್ಧಕ್ಕರ್ಧ ಇಳಿಯಿತು. ಹುಸಿಗುಳಿಗೆ ಪಡೆದವರಲ್ಲಿ 13 ಮಂದಿಗೆ. ಉಪಯೋಗ ನಿಜವಾದದ್ದು, ಆದರೆ ಎಲ್ಲರಿಗೂ ಅಲ್ಲ. ಬೆನ್ನಿನಿಂದ ಕಾಲಿಗಿಳಿಯುವ ಸಯಾಟಿಕಾ ನೋವಿಗೆ ಇದನ್ನು ಧಾರಾಳವಾಗಿ ಬರೆಯುತ್ತಾರೆ. 2017ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ 209 ಸಯಾಟಿಕಾ ರೋಗಿಗಳಿದ್ದರು. ಪ್ರಿಗ್ಯಾಬಲಿನ್ ಪಡೆದವರ ಕಾಲುನೋವು ಹುಸಿಗುಳಿಗೆ ಪಡೆದವರದಕ್ಕಿಂತ ಕಡಿಮೆಯಾಗಲಿಲ್ಲ. ಅಡ್ಡ ಪರಿಣಾಮ ಮಾತ್ರ ಹೆಚ್ಚಿತ್ತು, ಅದರಲ್ಲೂ ತಲೆಸುತ್ತು. ನೋವು ಇಳಿದಿದ್ದರೆ ಸ್ವಲ್ಪ ತೂರಾಟವನ್ನು ಸಹಿಸುವ ಮಾತಾಡಬಹುದು. ಎಂಟು ವಾರವಾದರೂ ನೋವು ಹಾಗೇ ಇದ್ದು ನಡಿಗೆ ಮಾತ್ರ ಕೆಟ್ಟಿದ್ದರೆ ಆ ಮಾತ್ರೆಯನ್ನು ಮುಂದುವರಿಸಲು ಯಾವ ಕಾರಣವೂ ನನಗೆ ಕಾಣುವುದಿಲ್ಲ.

ಹಾಗೆಂದು ಇದನ್ನು ಓದಿದ ಕೂಡಲೇ ಡಬ್ಬಿಯನ್ನು ಕಸಕ್ಕೆ ಎಸೆಯಬೇಡಿ. ಹಠಾತ್ತನೆ ನಿಲ್ಲಿಸಿದರೆ ನಿದ್ದೆಗೇಡು, ಬೆವರು, ವಾಕರಿಕೆ, ತಳಮಳ ಬರಬಹುದು. ಮೂರ್ಛೆರೋಗ ಇರುವವರಿಗೆ ಫಿಟ್ಸ್ ಮರಳಬಹುದು. ಕನಿಷ್ಠ ಒಂದು ವಾರ ಹಂತಹಂತವಾಗಿ ಇಳಿಸಬೇಕೆಂದು ಮಾಹಿತಿ ಪತ್ರವೇ ಹೇಳುತ್ತದೆ. ಬಹಳ ದಿನ ಸೇವಿಸಿದವರಿಗೆ ವೈದ್ಯರು ಇನ್ನೂ ನಿಧಾನವಾಗಿ ಇಳಿಸುತ್ತಾರೆ. ಎಷ್ಟೋ ಸಲ ಪೂರ್ತಿ ನಿಲ್ಲಿಸುವುದೂ ಬೇಕಾಗುವುದಿಲ್ಲ. ಕಿಡ್ನಿಯ ಲೆಕ್ಕಕ್ಕೆ ತಕ್ಕಂತೆ ಪ್ರಮಾಣ ತಗ್ಗಿಸಿದರೆ ನೋವಿನ ಉಪಶಮನವೂ ಉಳಿದು ಕಾಲೂ ನೆಲಕ್ಕೆ ನಿಲ್ಲುತ್ತದೆ. ಅಲ್ಲಿಯವರೆಗೆ ಬಚ್ಚಲಿನ ನೆಲ ಒಣಗಿರಲಿ, ರಾತ್ರಿ ಏಳುವ ದಾರಿಯಲ್ಲಿ ಒಂದು ದೀಪ ಉರಿಯುತ್ತಿರಲಿ, ಸ್ಕೂಟರ್ ಮುಟ್ಟುವುದು ಬೇಡ.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ಬೇರೆ ವೈದ್ಯರು ಬರೆದದ್ದನ್ನೂ ಅಂಗಡಿಯಿಂದ ಕೇಳಿ ತಂದದ್ದನ್ನೂ ಸೇರಿಸಿ, ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ. ರೋಗಿಯ ಈಗಿನ ತೂಕ ಮತ್ತು ಇತ್ತೀಚಿನ ಕ್ರಿಯಾಟಿನಿನ್ ವರದಿ ಜೊತೆಗಿರಲಿ. "ಈ ಕಿಡ್ನಿಗೆ ಇಷ್ಟು ಪ್ರಮಾಣ ಸರಿಯೇ ಡಾಕ್ಟ್ರೇ?" ಎಂದು ಕೇಳುವುದರಲ್ಲಿ ಅಗೌರವವೇನಿಲ್ಲ, ಒಳ್ಳೆಯ ವೈದ್ಯರು ಆ ಪ್ರಶ್ನೆಯನ್ನು ಸ್ವಾಗತಿಸುತ್ತಾರೆ. ಅಪ್ಪನನ್ನೋ ಅಮ್ಮನನ್ನೋ ಕುರ್ಚಿಯಿಂದ ಎಬ್ಬಿಸಿ ವೈದ್ಯರ ಮುಂದೆ ನಾಲ್ಕು ಹೆಜ್ಜೆ ನಡೆಸಿ ತೋರಿಸಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ. ಅವರಲ್ಲಿ ಒಂದು ಸಣ್ಣ ಭಾಗ ಈ ಮಾತ್ರೆ ಸೇವಿಸಿದರೂ, ಸಾವಿರಕ್ಕೊಬ್ಬರಿಗೆ ಬರುವ ತೊಂದರೆ ಎಂದರೆ ಸಾವಿರಾರು ಮನೆಗಳ ಮಾತಾಗುತ್ತದೆ. ಆ ಮನೆಗಳ ಅನುಭವ ಎಲ್ಲಾದರೂ ದಾಖಲಾಗಬೇಕು. ಅದಕ್ಕೆಂದೇ 2010ರಲ್ಲಿ ಶುರುವಾದ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮವಿದೆ. ಗಾಜಿಯಾಬಾದ್‌ನ ಭಾರತೀಯ ಫಾರ್ಮಕೋಪಿಯಾ ಆಯೋಗ ಅದನ್ನು ನಡೆಸುತ್ತದೆ. ರಾಜ್ಯದ ಹಲವು ವೈದ್ಯಕೀಯ ಕಾಲೇಜುಗಳಲ್ಲಿ ಅದರ ಕೇಂದ್ರಗಳಿವೆ. ವೈದ್ಯರು ಮಾತ್ರವಲ್ಲ, ರೋಗಿ ಅಥವಾ ಮನೆಯವರೂ ಅಡ್ಡ ಪರಿಣಾಮವನ್ನು ನೇರವಾಗಿ ತಿಳಿಸಬಹುದು. ಮಾತ್ರೆಯೇ ಕಾರಣವೆಂದು ಸಾಬೀತು ಮಾಡುವ ಹೊಣೆ ನಿಮ್ಮದಲ್ಲ, ಅನುಮಾನವಿದ್ದರೆ ಸಾಕು. ಅದರ ಉಚಿತ ದೂರವಾಣಿ ಸಂಖ್ಯೆ 1800-180-3024. ಕರೆ ಮಾಡುವಾಗ ಮಾತ್ರೆಯ ಪಟ್ಟಿ ಕೈಯಲ್ಲಿರಲಿ, ಮಾತ್ರೆಯ ಹೆಸರು, ಪ್ರಮಾಣ, ಶುರುಮಾಡಿದ ದಿನ ಇಷ್ಟನ್ನು ಹೇಳಿ.